ಇಲ್ಲದ ಅರ್ಧ

ಚಾಮರಾಜನಗರದಲ್ಲಿ ಗುಂಡ್ಲುಪೇಟೆ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಬದನಗುಪ್ಪೆಯ ಕಾರ್ಖಾನೆಯೊಂದರ ಬ್ಯಾಡ್ಜ್ ಹಾಕಿಕೊಂಡ ಇಬ್ಬರು ನಿಂತಿದ್ದರು. ಆನೆ ಬಂದರೆ ಕೂಗುವ ಸೈರನ್ನಿನ ಒಳಗಿನ ಸರ್ಕ್ಯೂಟ್ ಬೋರ್ಡು ಮಾಡುವವರು.

"ಪುಣಜನೂರಲ್ಲಿ ಹೊಲ ಕಾಯ್ತಾ ಮಲಗಿದ್ದ ಚೆಲುವಯ್ಯನ್ನ ಆನೆ ತುಳಿದಾಗ ಸೈರನ್ ಯಾಕ್ ಕೂಗ್ನಿಲ್ಲ ಅಂತ ಗೊತ್ತಾಯ್ತಾ ನಯನಾ?"

"ಹೊಸ ಬೋರ್ಡಲ್ಲಿ ಮೆಮೊರಿ ಅರ್ಧನೇ ಇರೋದು. ನಾನು ಅದನ್ನ ನಡೆಸೋ ಕರ್ನಲ್ ಪ್ರೋಗ್ರಾಮಿಗೆ ಹಳೇ ಬೋರ್ಡಿನ ಮೆಮೊರಿ ಮ್ಯಾಪೇ ಕೊಟ್ಬುಟ್ಟಿದ್ದೆ. ಇಲ್ದಿರೋ ಅರ್ಧಕ್ಕೆ ಬರೆಯಕ್ ಓಗಿ ಬೋರ್ಡೇ ನಿಂತೋಯ್ತು."

"ಟೆಸ್ಟಲ್ಲಿ ಪಾಸಾಗಿತ್ತಲ್ಲ."

"ಟೇಬಲ್ ಮೇಲೆ ಹತ್ತು ನಿಮಿಷ ಓಡಿಸ್ತೀವಿ. ಅಷ್ಟರಲ್ಲಿ ಮೊದಲ್ನೇ ಅರ್ಧನೇ ತುಂಬಕಿಲ್ಲ ಕಣ ನಿಂಗರಾಜು."

"ಅವರೆಂಡ್ತಿಗೆ ಏಳಿದ್ಯಾ?"

"ತಿಥಿಗೆ ಬನ್ನಿ ಅಂತ ಅವ್ರೇ ಫೋನ್ ಮಾಡಿದ್ರು. ಸೈರನ್ ಕೂಗಿರ್ತದೆ, ನಮ್ಮನೆಯವ್ರಿಗೇ ಎಚ್ಚರ ಆಗ್ನಿಲ್ಲ ಅಂದ್ರು."

"ನೀನೇನಂದೆ?"

"ಊಂ ಅಂದೆ."

ಪುಣಜನೂರಿನ ಬಸ್ಸು ಬಂತು. ಇಬ್ಬರೂ ಹತ್ತಿದರು.