ಪಾಳಿಯ ಆರೋಪಿ

ಸಭೆಯ ಅಧ್ಯಕ್ಷತೆ ವಹಿಸಿರುವ, ನನಗೆ ಏಳನೆಯ ಇಯತ್ತೆಯವರೆಗೆ ಅಕ್ಷರ ಕಲಿಸಿದ ಪ್ರಾಣೇಶ ಮಾಸ್ತರರೇ, ಧಾರವಾಡದಿಂದ ಬಿಸಿಲಲ್ಲಿ ಬಂದಿರುವ ಪೊಲೀಸ್ ಖಾತೆಯ ಹಿರಿಯ ಅಧಿಕಾರಿಗಳೇ, ನಮ್ಮ ಠಾಣೆಯ ಹೊಸ ಫೌಜದಾರ ಸಾಹೇಬರೇ, ಸ್ವಾಗತ ಸಮಿತಿಯ ಅಧ್ಯಕ್ಷರೂ, ಈ ಪೆಂಡಾಲು, ಈ ಕುರ್ಚಿ, ಈ ಮೈಕು ಎಲ್ಲದರ ದಾನಿಗಳೂ ಆದ ಅಕ್ಕಿ ಗಿರಣಿಯ ಮಹಾಲಿಂಗಪ್ಪನವರೇ, ಜಮಖಾನೆಯ ಮೇಲೆ ಕುಳಿತ ನನ್ನ ಹಮಾಲ ಬಂಧುಗಳೇ, ಬಾಗಿಲಲ್ಲೇ ನಿಂತ ತಾಯಂದಿರೇ, ಸಭಿಕರೇ,

ನನಗೆ ವಹಿಸಿದ ಕೆಲಸ ವಂದನಾರ್ಪಣೆ. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲೂಕುಗಳಲ್ಲಿ ಮಟಕಾ ಜೂಜನ್ನು ಅಡಗಿಸಲು ರಾಜ್ಯ ಸರಕಾರ ವಿಶೇಷ ಅನುದಾನ ಕೊಟ್ಟಿದೆ. ಹೆಚ್ಚಿನ ಪೊಲೀಸರನ್ನು ಕೊಟ್ಟಿದೆ, ಡೀಸೆಲ್ ಕೊಟ್ಟಿದೆ, ಹೂಮಾಲೆ ಹಾಕಿಕೊಂಡು ಹೊರಗೆ ನಿಂತಿರುವ ಹೊಸ ಜೀಪು ಕೊಟ್ಟಿದೆ. ಅದಕ್ಕಾಗಿ ಯುವಕ ಮಂಡಳದ ಪರವಾಗಿ ನಾನು ವಂದಿಸಬೇಕು. ಮಾಸ್ತರರು ಒಂದು ಭಾಷಣ ಬರೆದುಕೊಟ್ಟಿದ್ದಾರೆ. ಬಹಳ ಚೆನ್ನಾಗಿದೆ. ಅದರಲ್ಲಿ ಸೂರ್ಯೋದಯವೂ ಇದೆ, ಕಮಲವೂ ಇದೆ. ಆದರೆ ನಾನು ಅದನ್ನು ಓದುವುದಿಲ್ಲ. ಮಾಸ್ತರರು ಮನ್ನಿಸಬೇಕು.

ಶಾಲೆ ಬಿಟ್ಟವನನ್ನು ವೇದಿಕೆಗೆ ಏಕೆ ಹತ್ತಿಸಿದರು ಎಂದು ನಿಮಗೆ ಅನ್ನಿಸಿರಬಹುದು. ಅದಕ್ಕೂ ಮೊದಲು, ಶಾಲೆ ಏಕೆ ಬಿಟ್ಟೆ ಎಂದು ಹೇಳಿಬಿಡುತ್ತೇನೆ. ಒಮ್ಮೆ ಶಾಲೆಗೆ ತಪಾಸಣೆ ಬಂತು. ಮಕ್ಕಳ ಸಂಖ್ಯೆ ಕಡಿಮೆಯಾದರೆ ಅನುದಾನ ನಿಲ್ಲುತ್ತದೆ. ಹಾಗಾಗಿ ಪಕ್ಕದ ಊರಿನ ಹುಡುಗರನ್ನು ಎತ್ತಿನ ಗಾಡಿಯಲ್ಲಿ ತಂದು ನಮ್ಮ ಸಾಲಿನಲ್ಲಿ ಕೂಡಿಸಿದರು. ತಪಾಸಣೆಯ ಸಾಹೇಬರು ನನ್ನ ಮುಂದೆ ನಿಂತು, 'ನಿನ್ನ ಬಾಜೂಕ ಕುಂತಾಂವನ ಹೆಸರೇನಪಾ?' ಎಂದರು. 'ಗೊತ್ತಿಲ್ರಿ ಸರ. ಇಂವ ಇವತ್ತ ಬಂದಾನ, ಸಂಜೀಕ ಹೊಕ್ಕಾನ' ಎಂದೆ. ಆ ಸಂಜೆ ಮಾಸ್ತರರ ಛಡಿ ಮುರಿಯಿತು. 'ನಿನಗ ಎಲ್ಲಾ ವಿದ್ಯಾ ಹತ್ತಿತಲೇ ಗುತ್ತ್ಯಾ, ಬಾಯಿ ಮುಚ್ಚೋದೊಂದು ಹತ್ತಲಿಲ್ಲ' ಎಂದರು. ಮರುದಿನ ನಾನು ಶಾಲೆಗೆ ಹೋಗಲಿಲ್ಲ, ಗಿರಣಿಗೆ ಚೀಲ ಹೊರಲು ಹೋದೆ. ಮಾಸ್ತರರು ಈಗ ನಗುತ್ತಿದ್ದಾರೆ. ನಗಲಿ, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಲೆಕ್ಕ ತುಂಬಿಸಲು ಜನರನ್ನು ತಂದು ಕೂಡಿಸುವ ಕೆಲಸ ಶಾಲೆಯಲ್ಲಷ್ಟೇ ನಡೆಯುತ್ತದೆ ಎಂದುಕೊಂಡಿದ್ದೆ. ಅದು ನನ್ನ ತಪ್ಪು ತಿಳಿವಳಿಕೆ.

ಸಭಿಕರೇ, ನಮ್ಮ ಓಣಿಯಲ್ಲಿ 'ಹೆಸರು ಕೊಡುವುದು' ಎಂದರೇನು ಎಂದು ಮಕ್ಕಳಿಗೂ ಗೊತ್ತು. ವೇದಿಕೆಯ ಮೇಲಿನವರಿಗೆ ಗೊತ್ತಿಲ್ಲವೆಂದು ಭಾವಿಸಿ ವಿವರಿಸುತ್ತೇನೆ. ಮಟಕಾದ ಚೀಟಿ ಬರೆಸುವವರು ಬೇರೆ, ಹಣ ಎತ್ತುವವರು ಬೇರೆ; ಅವರನ್ನು ಯಾರೂ ಹಿಡಿಯುವುದಿಲ್ಲ. ಠಾಣೆಗೆ ಮಾತ್ರ ತಿಂಗಳಿಗೊಂದಿಷ್ಟು ಕೇಸು ಬೇಕು. ಆಗ ಗಿರಣಿಯ ಹಮಾಲರಲ್ಲಿ ಒಬ್ಬ ಪಾಳಿಯ ಪ್ರಕಾರ ಠಾಣೆಗೆ ಹೋಗಿ ಆರೋಪಿಯೆಂದು ತನ್ನ ಹೆಸರು ಕೊಡುತ್ತಾನೆ. ಕೋರ್ಟಿನಲ್ಲಿ 'ಹೌದ್ರಿ' ಎನ್ನುತ್ತಾನೆ. ದಂಡವನ್ನು ಗಿರಣಿಯ ಸಾವ್ಕಾರರು ಕಟ್ಟುತ್ತಾರೆ. ಒಲ್ಲೆ ಎಂದವನಿಗೆ ಮರುದಿನ ಗಿರಣಿಯಲ್ಲಿ ಹೊರಲು ಚೀಲ ಸಿಗುವುದಿಲ್ಲ. ನೀರಿನ ಪಾಳಿ ಇದ್ದ ಹಾಗೆ, ಇದೂ ಒಂದು ಪಾಳಿ.

ನನ್ನ ಅಣ್ಣ ಮಂಜಪ್ಪ ಯಾರಿಗೂ ಇಲ್ಲ ಎಂದವನಲ್ಲ. ಹೋದ ತಿಂಗಳು ಅವನ ಪಾಳಿ ಬಂತು. ಬೆಳಿಗ್ಗೆ ಸ್ನಾನ ಮಾಡಿ, ಅವ್ವ ಕಟ್ಟಿಕೊಟ್ಟ ರೊಟ್ಟಿ ಹಿಡಿದು ಠಾಣೆಗೆ ಹೋದ. ಬಾಗಿಲಲ್ಲಿ ಈ ಹೊಸ ಫೌಜದಾರ ಸಾಹೇಬರೇ ಸಿಕ್ಕರು. ಅವರು ಬಂದು ಇನ್ನೂ ವಾರವಾಗಿರಲಿಲ್ಲ.

'ಏನಪಾ, ಯಾಕ ಬಂದಿ?'

'ಹಿಡಿಸ್ಕೊಳ್ಳಾಕ ಬಂದೇನ್ರಿ ಸಾಹೇಬ್ರ.'

'ಏನ್ ಮಾಡೀದಿ?'

'ಅದನ್ನ ದಸ್ತಗೀರಸಾಬ್ರು ಬರಕೊಂತಾರ್ರಿ. ಲಗೂನ ಹಿಡೀರಿ, ಮಧ್ಯಾಹ್ನ ಲಾರಿ ಬರ್ತೈತಿ, ಚೀಲ ಇಳಿಸೋದೈತಿ.'

ನೀವು ನಗುತ್ತೀರಿ. ಅಣ್ಣ ಬಂದು ಹೇಳಿದಾಗ ನಾನೂ ನಕ್ಕೆ. ಸಾಹೇಬರು ನಗಲಿಲ್ಲವಂತೆ. 'ನಿನ್ನ ಯಾರು ಕಳಿಸ್ಯಾರ?' ಎಂದು ಕೇಳಿದರಂತೆ. ಅಷ್ಟರಲ್ಲಿ ಹವಾಲ್ದಾರ ದಸ್ತಗೀರಸಾಬರು ಕೆಮ್ಮಿ, ಸಾಹೇಬರನ್ನು ಒಳಗೆ ಕರೆದುಕೊಂಡು ಹೋದರು. ಒಳಗೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಾನು ಹೇಳುವುದಿಲ್ಲ. ಹೊರಗೆ ಆದದ್ದು ಇಷ್ಟು: ಅಣ್ಣನನ್ನು ಇದೇ ಹೊಸ ಜೀಪಿನಲ್ಲಿ ಕೂಡಿಸಿಕೊಂಡು ಅಕ್ಕಿಆಲೂರಿನ ಸಂತೆಗೆ ಒಯ್ದರು. ನಮ್ಮ ಓಣಿಯವರೊಬ್ಬರು ಜೀಪು ಹತ್ತಿದ್ದು ಅದೇ ಮೊದಲು. 'ನಿಮ್ಮ ಮಂಜ ಸಾಹೇಬ್ರ ಗಾಡ್ಯಾಗ ಹೊಂಟಾನ ನೋಡ ಭರಮವ್ವ' ಎಂದು ನೆರೆಯವರು ಅವ್ವನಿಗೆ ಹೆಮ್ಮೆಯಿಂದ ಹೇಳಿದರು. ಸಂತೆಯಲ್ಲಿ ಅವನನ್ನು ಇಳಿಸಿ, ಅಲ್ಲೇ ಹಿಡಿದರು. ಚೀಟಿ ಬರೆಯುತ್ತಿದ್ದಾಗ ಸಿಕ್ಕ ಎಂದು ಕೇಸಾಯಿತು. ಸಭಿಕರೇ, ನನ್ನ ಅಣ್ಣನಿಗೆ ಬರೆಯಲು ಬರುವುದಿಲ್ಲ. ಅವನದು ಹೆಬ್ಬೆಟ್ಟು.

ಮೊದಲಾದರೆ ದಂಡದಲ್ಲಿ ಮುಗಿಯುತ್ತಿತ್ತು. ಈಗ ಸರಕಾರದ ಹಣ ಬಂದಿದೆ. ಹಣ ಬಂದ ಮೇಲೆ ಕೆಲಸ ತೋರಿಸಬೇಕು. ಕೆಲಸ ತೋರಿಸಲು ಕೇಸು ಹೆಚ್ಚಬೇಕು. ಕೇಸು ಹೆಚ್ಚಿದಷ್ಟೂ ನಮ್ಮ ಪಾಳಿ ಬೇಗ ಬೇಗ ಬರುತ್ತದೆ. ಸಾಲದ್ದಕ್ಕೆ, ಮತ್ತೆ ಮತ್ತೆ ಸಿಕ್ಕವನನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಬೇಕಂತೆ. ನಾಲ್ಕೂ ತಾಲೂಕುಗಳಲ್ಲಿ ಹುಡುಕಿದರು. ಯಾರ ಹೆಸರಿನಲ್ಲಿ ಅತಿ ಹೆಚ್ಚು ಕೇಸು ಸಿಕ್ಕವು? ಮಂಜಪ್ಪನ ಹೆಸರಿನಲ್ಲಿ. ಏಕೆ ಸಿಗುವುದಿಲ್ಲ? ಅವನದು ಅವನಿಗಿತ್ತು, ನನ್ನದೂ ಅವನಿಗೇ ಬಿತ್ತು. ನಾನು ಹೆಸರು ಕೊಡಲು ಒಲ್ಲೆ ಎಂದಾಗಲೆಲ್ಲ, 'ಸಣ್ಣಾಂವ ಅದಾನ್ರಿ, ಅವನ ಪಾಳಿನೂ ನಾನ ಮಾಡ್ತೇನಿ' ಎಂದು ಅವನೇ ಹೋಗಿದ್ದ. ಇದನ್ನು ಇಲ್ಲಿ ಹೇಳಬೇಕೆಂದುಕೊಂಡಿರಲಿಲ್ಲ.

ಬರುವ ಸೋಮವಾರ ಸವಣೂರಿನಲ್ಲಿ ಪ್ರಾಂತ ಸಾಹೇಬರ, ಅಂದರೆ ಉಪವಿಭಾಗಾಧಿಕಾರಿಗಳ ಮುಂದೆ ಅವನ ಗಡೀಪಾರಿನ ವಿಚಾರಣೆ ಇದೆ. ಮಹಾಲಿಂಗಪ್ಪನವರು ದೊಡ್ಡ ಮನಸ್ಸು ಮಾಡಿ ನಮ್ಮ ಮನೆಗೆ ಬಂದಿದ್ದರು. 'ಚಿಂತಿ ಮಾಡಬ್ಯಾಡ ಭರಮವ್ವ. ಗಡೀಪಾರಾದ್ರ ಏನಾತು? ಶಿವಮೊಗ್ಗಾ ಕಡೆ ನಮ್ಮ ಅಳಿಯನ ಗಿರಣಿ ಐತಿ, ಅಲ್ಲೇ ದುಡೀಲಿ' ಎಂದರು.

ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. 'ಗಡೀಪಾರು ಅಂದ್ರ ಬೀಗರ ಊರಿಗೆ ಹೋಗಿ ಬಂದಂಗ ಏನ್ರಿ ಸಾವ್ಕಾರ್ರ? ಹಂಗಿದ್ರ ಈ ಸಲ ನಿಮ್ಮ ಮಗನ್ನ ಕಳಸ್ರಿ' ಎಂದಳು.

ಸಾವ್ಕಾರರು ನನ್ನ ಕಡೆ ತಿರುಗಿದರು. 'ನೀ ಶಾಣ್ಯಾ ಅದಿ. ಸಭಾದಾಗ ನಾಕು ಮಾತಾಡು, ಶಾಲು ಹೊದಸ್ತೇವಿ' ಎಂದರು. ಈ ಹುಡುಗನಿಗೆ ಒಂದು ಶಾಲು ಹೊದಿಸಿದರೆ ಬಾಯಿ ಬೆಚ್ಚಗಾಗುತ್ತದೆ ಎಂದುಕೊಂಡಿರಬೇಕು. ನಾನು ಒಪ್ಪಿಕೊಂಡೆ. ನಾಲ್ಕು ಮಾತು ಆಡುತ್ತೇನೆ ಎಂದೆ. ಯಾವ ನಾಲ್ಕು ಎಂದು ಅವರು ಕೇಳಲಿಲ್ಲ.

ಹಿರಿಯ ಅಧಿಕಾರಿಗಳು ಗಡಿಯಾರ ನೋಡುತ್ತಿದ್ದಾರೆ. ಮುಗಿಸುತ್ತೇನೆ. ಆ ಶಾಲು ಟೇಬಲ್ಲಿನ ಮೇಲೆಯೇ ಇರಲಿ, ನನಗೆ ಬೇಡ. ಸರಕಾರಕ್ಕೆ ವಂದನೆಗಳು. ನಿಮ್ಮ ದುಡ್ಡು ಒಳ್ಳೆಯದಕ್ಕೇ ಬಂದಿದೆ. ಜೀಪು ಬೇಡ ಎಂದು ನಾನು ಹೇಳುವುದಿಲ್ಲ. ಸಂತೆಯ ದಿನದ ಕೂಲಿಯನ್ನು ಮಟಕಾಕ್ಕೆ ಸುರಿದು ಖಾಲಿ ಕೈಯಲ್ಲಿ ಮನೆಗೆ ಹೋಗುವವರು ನಮ್ಮಲ್ಲೇ ಇದ್ದಾರೆ. ಅವರ ಹೆಂಡಂದಿರು ಇಲ್ಲೇ ಬಾಗಿಲಲ್ಲಿ ನಿಂತಿದ್ದಾರೆ. ಮಟಕಾ ನಿಲ್ಲಲೇಬೇಕು. ಮಾಸ್ತರರಿಗೆ ವಂದನೆಗಳು. ಮುಂದೆ ಕುಳಿತ ನಮ್ಮ ಹಮಾಲರಿಗೆ ವಂದನೆಗಳು. ತಲೆ ತಗ್ಗಿಸಬೇಡಿ, ತಗ್ಗಿಸಬೇಕಾದವರು ನೀವಲ್ಲ.

ಫೌಜದಾರ ಸಾಹೇಬರೇ, ಯಾರು ಕಳಿಸಿದರು ಎಂದು ನೀವು ಕೇಳಿದಿರಿ. ಕೇಳಬೇಕಾದ ಪ್ರಶ್ನೆಯನ್ನು ಆ ಠಾಣೆಯಲ್ಲಿ ಮೊದಲ ಸಲ ಒಬ್ಬರು ಕೇಳಿದರು. ಅದಕ್ಕೆ ನಿಮಗೆ ವಂದನೆಗಳು. ಒಳಗೆ ಹೋಗಿ ಬಂದ ಮೇಲೆ ನೀವು ಮತ್ತೆ ಕೇಳಲಿಲ್ಲ. ಪರವಾಗಿಲ್ಲ, ಉತ್ತರ ಕೊಡುತ್ತೇನೆ. ಕಳಿಸಿದವರು ಗಿರಣಿಯ ಮಹಾಲಿಂಗಪ್ಪನವರು. ನಿಮ್ಮ ಎಡಕ್ಕೆ ಕುಳಿತಿದ್ದಾರೆ. ಇದೇ ಮಾತನ್ನು ಸೋಮವಾರ ಸವಣೂರಿನಲ್ಲಿ ಹೇಳುತ್ತೇನೆ. ನಾಳೆಯಿಂದ ಗಿರಣಿಯಲ್ಲಿ ನನಗೆ ಚೀಲ ಇಲ್ಲ ಎಂಬುದೂ ಗೊತ್ತಿದೆ.

ಇಷ್ಟು ವರ್ಷ ಹೆಸರು ಕೊಡಲು ಒಲ್ಲೆ ಎಂದೆ. ಇವತ್ತು ಕೊಡುತ್ತೇನೆ, ದಯವಿಟ್ಟು ಬರೆದುಕೊಳ್ಳಿ. ಗುತ್ತೆಪ್ಪ, ಭರಮವ್ವನ ಕಿರಿಯ ಮಗ, ಮಂಜಪ್ಪನ ತಮ್ಮ. ಸಾಕ್ಷಿದಾರರ ಸಾಲಿನಲ್ಲಿ ಬರೆದುಕೊಳ್ಳಿ.

ಕೇಳಿದ ಎಲ್ಲರಿಗೂ ವಂದನೆಗಳು. ಕೇಳಿಯೂ ಕೇಳದಂತೆ ಕುಳಿತವರಿಗೂ ವಂದನೆಗಳು. ನಮಸ್ಕಾರ.