‘ಯಾರದೋ’ ಫೋಲ್ಡರ್: ಗಡಿಯಾರದಮ್ಮನ ಎರಡನೇ ಹೇಳಿಕೆ

ಗಡಿಯಾರದಮ್ಮ ಎಂದು ಊರೆಲ್ಲ ಕರೆಯುವ ನಾನು, ವಯಸ್ಸು 51 ವರ್ಷ, ವೃತ್ತಿ ಗಡಿಯಾರ ರಿಪೇರಿ, ವಾಸ ಅಂಚೆ ಕಚೇರಿ ಹಿಂದಿನ ಬೀದಿಯ ಕೊನೆಯ ಮನೆ, ಮೊದಲ ಮಹಡಿ, ಇಂದು ಗುರುವಾರ ಬೆಳಿಗ್ಗೆ 11.20ಕ್ಕೆ ಠಾಣೆಗೆ ಖುದ್ದಾಗಿ ಹಾಜರಾಗಿ, ಸೋಮವಾರ ಕೊಟ್ಟ ದೂರಿನಲ್ಲಿ ಇಲ್ಲದ ಸಂಗತಿಗಳನ್ನು ಸೇರಿಸಿ ಈ ಮೂಲಕ ತಿಳಿಸುವುದೇನೆಂದರೆ:

ಮಾರುಕಟ್ಟೆ ಗೋಪುರದ ಗಡಿಯಾರ ಎಂಟು ವರ್ಷಗಳಿಂದ ನಿಂತಿದೆ. ಅದನ್ನು ಓಡಿಸಿಕೊಡುವ ಕೆಲಸವನ್ನು ಮಾರುಕಟ್ಟೆ ಸಮಿತಿಯವರು ನನಗೆ ವಹಿಸಿದ್ದಾರೆ. ಈ ತಿಂಗಳ ಕೊನೆಯೊಳಗೆ ಅದು ಓಡದಿದ್ದರೆ ಗುಜರಿಗೆ ಹಾಕಿ ಬ್ಯಾಟರಿ ಗಡಿಯಾರ ಕೂರಿಸುವುದಾಗಿಯೂ ಹೇಳಿದ್ದಾರೆ. ನಾನು ಎರಡು ವಾರ ಗೋಪುರದ ಮೇಲೆ ಕುಳಿತು ಗಡಿಯಾರವನ್ನು ಪೂರ್ತಿ ಬಿಚ್ಚಿದ್ದೇನೆ. ಅದರ ಭಾಗಗಳೆಲ್ಲ ಈಗ ಅಲ್ಲಿಯೇ ನೆಲದ ಮೇಲೆ ಹಳೆಯ ಹೊದಿಕೆಗಳಲ್ಲಿ ಹರಡಿವೆ. ಇಷ್ಟು ವರ್ಷದ ಅನುಭವವಿದ್ದವಳಿಗೆ ಮತ್ತೆ ಜೋಡಿಸಲು ಬರುವುದಿಲ್ಲವೇ ಎಂದು ಬರೆದುಕೊಳ್ಳುತ್ತಿರುವ ಪೇದೆಯವರು ಕೇಳಿದರು. ಬೇರೆ ಗಡಿಯಾರವಾದರೆ ಬರುತ್ತದೆ. ಇದಕ್ಕೆ ಹಿಂದೆ ಕೈಹಾಕಿದ ರಿಪೇರಿಯವರೆಲ್ಲ ತಮಗೆ ತೋಚಿದ ಹಾಗೆ ಅರ ಹಾಕಿ ಉಜ್ಜಿ ಮೊಳೆ ಕೂರಿಸಿದ್ದಾರೆ. ಒಂದರ ಮೊಳೆ ಇನ್ನೊಂದರ ತೂತಿಗೆ ಸೇರುವುದಿಲ್ಲ. ಆದ್ದರಿಂದ ಒಂದೊಂದು ಭಾಗ ಬಿಚ್ಚಿದಾಗಲೂ ಅದನ್ನು ಎಡಗೈಯಲ್ಲಿ ಹಿಡಿದು, ಅದು ಇದ್ದ ಜಾಗದ ಪಕ್ಕಕ್ಕೇ ಒಡ್ಡಿ, ಬಲಗೈಯಿಂದ ಮೊಬೈಲಿನಲ್ಲಿ ಫೋಟೋ ತೆಗೆದು, ಲ್ಯಾಪ್‌ಟಾಪಿಗೆ ಹಾಕಿ, ಅದರ ಕೆಳಗೆ ಎರಡು ಸಾಲು ಬರೆಯುತ್ತಿದ್ದೆ. ಮೊಬೈಲಿನಲ್ಲಿ ಜಾಗ ಸಾಲದ್ದರಿಂದ ಅಲ್ಲಿನ ಫೋಟೋಗಳನ್ನು ಪ್ರತಿ ಸಂಜೆ ಅಳಿಸುತ್ತಿದ್ದೆ.

ನಮ್ಮಲ್ಲಿ ಮೂರು ಕಂಪ್ಯೂಟರ್ ಇವೆ. ಒಂದು ಮನೆಯಲ್ಲಿ, ಒಂದು ಅಂಗಡಿಯಲ್ಲಿ, ಮೂರನೆಯದು ನಾನು ಹೊತ್ತು ತಿರುಗುವ ಈ ಲ್ಯಾಪ್‌ಟಾಪ್. ನನ್ನ ಯಜಮಾನರು ಕಟ್ಟಡಗಳ ನಕ್ಷೆ ಬರೆಯುವವರು, ವಯಸ್ಸು 55 ವರ್ಷ. ಒಂದೇ ಕಡೆ ಇಟ್ಟದ್ದು ಇಲ್ಲದ ಹಾಗೇ ಲೆಕ್ಕ ಎನ್ನುವುದು ಅವರ ಮಂತ್ರ. ಮೂರರಲ್ಲೂ ಒಂದೇ ಫೋಲ್ಡರ್ ಇರುವಂತೆ ಅವರು ಮಾಡಿಟ್ಟಿದ್ದಾರೆ. ಒಂದರಲ್ಲಿ ಬರೆದರೆ ಇಂಟರ್ನೆಟ್ ಮೂಲಕ ಉಳಿದ ಎರಡರಲ್ಲೂ ಬಂದು ಕೂರುತ್ತದೆ. ಒಂದರಲ್ಲಿ ತೆಗೆದುಹಾಕಿದರೆ ಉಳಿದ ಎರಡರಲ್ಲೂ ಹೋಗುತ್ತದೆ. ನಡುವೆ ಯಾವ ಕಂಪನಿಯೂ ಇಲ್ಲ, ಯಂತ್ರದಿಂದ ಯಂತ್ರಕ್ಕೆ ನೇರ ವ್ಯವಹಾರ, ಎರಡೂ ಆನ್ ಆಗಿದ್ದರೆ ಮಾತ್ರ ನಡೆಯುತ್ತದೆ. ಇದನ್ನು ಅವರು ಬಂದವರಿಗೆಲ್ಲ ವಿವರಿಸುತ್ತಾರೆ. ನೆಂಟರು ಈಗೀಗ ನಮ್ಮ ಮನೆಗೆ ಬರುವುದನ್ನು ಕಡಿಮೆ ಮಾಡಿರುವುದಕ್ಕೆ ಇದೂ ಒಂದು ಕಾರಣ.

ಇಷ್ಟೆಲ್ಲ ಇದ್ದೂ ನಾನು ಎರಡು ತಪ್ಪು ಮಾಡಿದ್ದೆ. ಗೋಪುರದ ಮೇಲೆ ಮೊಬೈಲಿನ ಡೇಟಾ ಬೇಗ ಮುಗಿಯುತ್ತದೆಂದು ಲ್ಯಾಪ್‌ಟಾಪಿನಲ್ಲಿ ಈ ಕಳಿಸುವ ಕೆಲಸವನ್ನು ತಡೆದು ನಿಲ್ಲಿಸಿದ್ದೆ. ಸಂಜೆ ಮನೆಗೆ ಬಂದು ಮತ್ತೆ ಶುರು ಮಾಡೋಣವೆಂದುಕೊಂಡು ಎರಡು ವಾರವೂ ಮರೆತೆ, ಲ್ಯಾಪ್‌ಟಾಪನ್ನು ಆರಿಸದೆ ಬರೀ ಮುಚ್ಚಿಡುತ್ತಿದ್ದೆ. ಜೊತೆಗೆ, ಕೈ ಸದಾ ಎಣ್ಣೆಯಾಗಿರುವುದರಿಂದ ಗಳಿಗೆಗೊಮ್ಮೆ ಪಾಸ್‌ವರ್ಡ್ ಒತ್ತುವುದು ರೇಜಿಗೆಯೆನಿಸಿ ಅದನ್ನೂ ತೆಗೆಸಿಬಿಟ್ಟಿದ್ದೆ.

ಸೋಮವಾರ ಮಧ್ಯಾಹ್ನ 1.15ಕ್ಕೆ ಲ್ಯಾಪ್‌ಟಾಪ್ ಚೀಲವನ್ನು ಗೋಪುರದ ಮೆಟ್ಟಿಲ ಮೇಲಿಟ್ಟು, ಸುಮಾರು ಹತ್ತು ಮಾರು ದೂರದ ನಲ್ಲಿಯಲ್ಲಿ ಕೈ ತೊಳೆದುಕೊಂಡು ಬರುವಷ್ಟರಲ್ಲಿ ಚೀಲ ಇರಲಿಲ್ಲ. ಆ ದಿನವೇ ಇದೇ ಠಾಣೆಯಲ್ಲಿ ದೂರು ಕೊಟ್ಟಿದ್ದೇನೆ. ಎರಡು ವಾರದ ಫೋಟೋಗಳು ಅದೊಂದರಲ್ಲೇ ಇವೆಯೆಂದು ಮನೆಯಲ್ಲಿ ಹೇಳಿದಾಗ ಯಜಮಾನರು ಬಯ್ಯಲಿಲ್ಲ. ಬೈದಿದ್ದರೆ ಎದುರು ಬೈದು ಹಗುರವಾಗುತ್ತಿದ್ದೆ. ಅವರು ಕನ್ನಡಕ ಒರೆಸಿಕೊಂಡು, ನೀನು ತಡೆದು ನಿಲ್ಲಿಸಿದ್ದು ಯಂತ್ರ ಒಮ್ಮೆ ಆಫ್ ಆಗಿ ಆನ್ ಆದರೆ ತಾನೇ ತೆರವಾಗುತ್ತದೆ, ಕದ್ದವನು ಅದನ್ನು ಆನ್ ಮಾಡಿ ಇಂಟರ್ನೆಟ್ಟಿಗೆ ಸೇರಿಸಿದರೆ ಸಾಕು, ಫೋಟೋಗಳು ತಾವಾಗಿ ಮನೆಗೆ ಬರುತ್ತವೆ ಎಂದರು. ಅಂದಿನಿಂದ ಮನೆಯ ಕಂಪ್ಯೂಟರನ್ನು ನಾವು ಆರಿಸಿಲ್ಲ. ಕಳ್ಳನಿಗೆ ಒಳ್ಳೆಯ ಬುದ್ಧಿ ಬರಲೆಂದು ಎಲ್ಲರೂ ಹಾರೈಸುತ್ತಾರೆ. ನಾನು ಅವನಿಗೆ ಒಳ್ಳೆಯ ವೈಫೈ ಸಿಗಲೆಂದು ಹಾರೈಸಿದೆ.

ಮಂಗಳವಾರ ಏನೂ ಆಗಲಿಲ್ಲ. ಬುಧವಾರ ಮಧ್ಯಾಹ್ನ 3.40ಕ್ಕೆ ಯಜಮಾನರು ಒಳಗಿನಿಂದ, ಬೇಗ ಬಾ ಇಲ್ಲಿ, ಹೋಗ್ತಾ ಇವೆ ಎಂದು ಕೂಗಿದರು. ಹೋಗಿ ನೋಡಿದರೆ, ಬರಬೇಕಾದ ಫೋಟೋಗಳು ಬರುವುದಿರಲಿ, ಮೊದಲಿಂದ ಇದ್ದ ಕಡತಗಳೂ ಒಂದೊಂದಾಗಿ ಮಾಯವಾಗುತ್ತಿದ್ದವು. ನಾನು ಈವರೆಗೆ ಬಿಚ್ಚಿದ ಒಂದೊಂದು ಗಡಿಯಾರದ ಟಿಪ್ಪಣಿ ಅವು. ಯಜಮಾನರು ಮೇಜಿನಡಿ ನುಗ್ಗಿ ಇಂಟರ್ನೆಟ್ ವೈರು ಕಿತ್ತರು. ಲ್ಯಾಪ್‌ಟಾಪ್ ಆನ್ ಆಗಿದೆ, ಆದರೆ ಯಾರೋ ಎಲ್ಲವನ್ನೂ ತೆಗೆದುಹಾಕುತ್ತಿದ್ದಾರೆ, ಅಲ್ಲಿ ತೆಗೆದದ್ದು ಇಲ್ಲೂ ಹೋಗುತ್ತಿದೆ ಎಂದು ಅವರು ಮೇಜಿನಡಿಯಿಂದಲೇ ಹೇಳಿದರು.

ವೈರು ಕಿತ್ತರೆ ಇದ್ದದ್ದು ಉಳಿಯುತ್ತದೆ, ಆದರೆ ಹೊಸದು ಬರುವುದಿಲ್ಲ. ಚುಚ್ಚಿದರೆ ಹೊಸದು ಬಂದರೂ ಬರಬಹುದು, ಆದರೆ ಇದ್ದದ್ದೂ ಹೋಗಬಹುದು. ಆಗ ನನಗೆ ಅಂಗಡಿಯ ಕಂಪ್ಯೂಟರ್ ನೆನಪಾಯಿತು. ನಾನು ಗೋಪುರ ಹತ್ತಿದಾಗಿನಿಂದ ಅಂಗಡಿಗೆ ಬೀಗ, ಕಂಪ್ಯೂಟರ್ ಆಫ್. ಹಾಗಾಗಿ ಹಳೆಯ ಟಿಪ್ಪಣಿಗಳೆಲ್ಲ ಅಲ್ಲಿ ಭದ್ರವಾಗಿವೆ. ರೀ, ಅಂಗಡಿದು ಆಫ್ ಆಗಿದೆಯಲ್ಲ, ಧೈರ್ಯವಾಗಿ ಚುಚ್ಚಿ ಎಂದೆ. ಅವರು ಎರಡು ನಿಮಿಷ ಯೋಚಿಸಿ ಚುಚ್ಚಿದರು. ಉಳಿದವೂ ಹೋದವು. ಫೋಲ್ಡರ್ ಗುಡಿಸಿ ಸಾರಿಸಿದ ಹಾಗಾಯಿತು.

ಖಾಲಿ ಫೋಲ್ಡರಿನ ಮುಂದೆ ನಾವಿಬ್ಬರೂ ಕುಳಿತೇ ಇದ್ದೆವು. ಗುಜರಿಯವರು ಗೋಪುರದ ಮೆಟ್ಟಿಲಲ್ಲಿ ಹಲ್ಲುಚಕ್ರಗಳನ್ನು ಉರುಳಿಸಿಕೊಂಡು ಇಳಿಯುವುದು ನನ್ನ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. 4.10ಕ್ಕೆ ಆ ಫೋಲ್ಡರಿಗೆ ಒಂದೇ ಒಂದು ಹೊಸ ಕಡತ ಬಂದಿತು. ತೆರೆದರೆ ಅದು ಕೆಲಸಕ್ಕೆ ಹಾಕಿದ ಅರ್ಜಿ. ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ಟೈಪ್ ಮಾಡುವ ಕೆಲಸಕ್ಕೆ. ಅರ್ಜಿದಾರರು ಮಹಿಳೆ, ವಯಸ್ಸು 29, ಸದ್ಯ ಲಾಂಡ್ರಿ ಅಂಗಡಿಯೊಂದರಲ್ಲಿ ಇಸ್ತ್ರಿ ಮಾಡುವವರು. ಕೆಳಗೆ ಪೂರ್ತಿ ವಿಳಾಸವೂ ಫೋನ್ ನಂಬರೂ ಇದ್ದವು. ಕದ್ದ ಮಾಲಿನಲ್ಲಿ ಕುಳಿತು ತನ್ನ ವಿಳಾಸವನ್ನು ಮಾಲೀಕರ ಮನೆಗೇ ಬರೆದು ಕಳಿಸುವ ಕಳ್ಳರು ಲೋಕದಲ್ಲಿ ಇರಲಿಕ್ಕಿಲ್ಲ. ಇವರು ಸೆಕೆಂಡ್ ಹ್ಯಾಂಡ್ ಕೊಂಡವರೆಂದು ನಮಗೆ ಆಗಲೇ ಅನಿಸಿತು.

ವಿಳಾಸ ಸಿಕ್ಕ ಕೂಡಲೇ ಠಾಣೆಗೆ ಏಕೆ ತಿಳಿಸಲಿಲ್ಲ ಎಂದು ಠಾಣಾಧಿಕಾರಿಗಳು ಕೇಳಿದ್ದಕ್ಕೆ ಉತ್ತರ: ತಿಳಿಸಿದ್ದರೆ ತಾವು ಹೋಗಿ ಲ್ಯಾಪ್‌ಟಾಪನ್ನು ಆರಿಸಿ, ಚೀಲಕ್ಕೆ ಹಾಕಿ, ಅರಗಿನ ಮುದ್ರೆ ಒತ್ತಿ ಕಪಾಟಿನಲ್ಲಿ ಇಡುತ್ತಿದ್ದಿರಿ. ಅದು ತಮ್ಮ ಕರ್ತವ್ಯ, ನಾನು ತಪ್ಪು ಹೇಳುತ್ತಿಲ್ಲ. ಆದರೆ ಆ ಮುದ್ರೆ ಒಡೆಯುವಷ್ಟರಲ್ಲಿ ಗೋಪುರದಲ್ಲಿ ಬ್ಯಾಟರಿ ಗಡಿಯಾರ ಕೂತಿರುತ್ತಿತ್ತು. ಬೇಕೆಂದೇ ತಿಳಿಸಲಿಲ್ಲ. ಇದನ್ನು ಹೀಗೆಯೇ ಬರೆದುಕೊಳ್ಳಬೇಕೆಂದು ಕೋರುತ್ತೇನೆ. ಯಜಮಾನರು ತಿಳಿಸೋಣವೆಂದೇ ಹೇಳಿದ್ದರು, ಬೇಡವೆಂದವಳು ನಾನು.

ಫೋನ್ ಮಾಡಿದರೆ ಆಕೆ ಹೆದರಿ ಲ್ಯಾಪ್‌ಟಾಪ್ ಮುಚ್ಚಿಬಿಡಬಹುದೆಂದು ನನಗೆ ಅಳುಕಿತ್ತು. ಯಜಮಾನರು ಅದೇ ಫೋಲ್ಡರಿನಲ್ಲಿ ಒಂದು ಕಡತ ಮಾಡಿ, ಅದಕ್ಕೆ ‘ಅಮ್ಮಾ ದಯವಿಟ್ಟು ಇದನ್ನು ಓದಿ’ ಎಂದು ಹೆಸರಿಟ್ಟರು. ಈ ಲ್ಯಾಪ್‌ಟಾಪ್ ನಮ್ಮದು, ನಿಮ್ಮ ಮೇಲೆ ಸಂಶಯವಿಲ್ಲ, ಗಡಿಯಾರದ ಫೋಟೋಗಳನ್ನು ಅಳಿಸಿದ್ದೀರಾ ತಿಳಿಸಿ ಎಂದು ಅದರಲ್ಲಿ ನಾನು ಹೇಳಿದ ಹಾಗೆ ಬರೆದು, ಕೆಳಗೆ ನಮ್ಮ ವಿಳಾಸ ಹಾಕಿದರು. ಕಡತ ಹೋಯಿತು. ಅದು ಆಕೆಯ ಕಣ್ಣಿಗೆ ಬೀಳುವವರೆಗೆ ನಾನು ಅಡುಗೆಮನೆಯಲ್ಲಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

4.55ಕ್ಕೆ ಅದೇ ಕಡತದ ಕೆಳಗೆ ಉತ್ತರ ಮೂಡಿತು. ಹಳೆಯ ಸಾಮಾನಿನ ಸಂತೆಯಲ್ಲಿ ಮಂಗಳವಾರ ಕೊಂಡದ್ದಾಗಿಯೂ, ಕದ್ದದ್ದೆಂದು ದೇವರಾಣೆ ಗೊತ್ತಿರಲಿಲ್ಲವೆಂದೂ, ಮಾರಿದವನು ಇದರಲ್ಲಿರುವುದೆಲ್ಲ ಕಸ, ಅಳಿಸಿಬಿಡಿ ಎಂದಿದ್ದನೆಂದೂ ಆಕೆ ಬರೆದಿದ್ದರು. ಆದರೆ ತಾನು ಅಳಿಸಿಲ್ಲ, ತನ್ನ ಅರ್ಜಿಗೆ ಜಾಗ ಮಾಡಿಕೊಳ್ಳಲು ಎಲ್ಲವನ್ನೂ ಆ ಫೋಲ್ಡರಿನಿಂದ ಎತ್ತಿ ಬೇರೆ ಕಡೆ ಇಟ್ಟಿರುವೆನೆಂದೂ ಬರೆದಿದ್ದರು. ಯಜಮಾನರು ಹೋದ ಜೀವ ಬಂದವರಂತೆ ಉಸಿರುಬಿಟ್ಟು, ಅಲ್ಲಿಂದ ಎತ್ತಿದ್ದಕ್ಕೇ ಇಲ್ಲಿ ಮಾಯವಾಗಿದೆ ಎಂದರು. ಅದನ್ನೆಲ್ಲ ಮೊದಲಿದ್ದ ಜಾಗಕ್ಕೆ ಹಾಗೆಯೇ ಎತ್ತಿಡಿ, ಲ್ಯಾಪ್‌ಟಾಪ್ ಮುಚ್ಚಬೇಡಿ ಎಂದು ಬರೆದರು.

5.05ಕ್ಕೆ ನಮ್ಮ ಕಂಪ್ಯೂಟರಿನಲ್ಲಿ ಹೊಸ ಫೋಲ್ಡರ್ ಕಾಣಿಸಿಕೊಂಡಿತು. ಆಕೆ ಅದಕ್ಕೆ ಕೊಟ್ಟಿದ್ದ ಹೆಸರು ‘ಯಾರದೋ’. ಅದರೊಳಗೆ ಮೊದಲು ನನ್ನ ಹಳೆಯ ಟಿಪ್ಪಣಿಗಳು, ಆಮೇಲೆ ಗೋಪುರದ ಫೋಟೋಗಳು ಒಂದರ ಹಿಂದೆ ಒಂದು ಬರತೊಡಗಿದವು. ಸಂಪರ್ಕ ನಿಧಾನವಿತ್ತು. ಯಜಮಾನರು ಪ್ರತಿಯೊಂದನ್ನೂ ಬಂತು, ಬಂತು ಎಂದು ಸ್ವಾಗತಿಸುತ್ತಿದ್ದರು. ಮದುವೆ ಮನೆ ಬಾಗಿಲಲ್ಲಿ ನಿಂತ ಹಾಗೆ ಆಡ್ತೀರಲ್ಲ ಎಂದು ನಾನು ಹೇಳಿದ್ದು ನಿಜ, ಆದರೆ ನಾನೂ ಅಲ್ಲಿಂದ ಏಳಲಿಲ್ಲ. ಅಂದು ನನಗಾದ ಸಂತೋಷ ಇಷ್ಟಿಷ್ಟಲ್ಲ. ಇದು ಹೇಳಿಕೆಗೆ ಸಂಬಂಧವಿಲ್ಲದ ವಿಷಯವೆಂದು ಪೇದೆಯವರು ಬರೆಯುವುದನ್ನು ನಿಲ್ಲಿಸಿದ್ದರು. ನಾನು ಒತ್ತಾಯಿಸಿದ ಮೇಲೆ ಬರೆದುಕೊಂಡಿದ್ದಾರೆ.

6.50ಕ್ಕೆ ಆಕೆಯಿಂದ ಇನ್ನೊಂದು ಸಾಲು ಬಂದಿತು. ಅಕ್ಕಾ, ಇದು ನಮ್ಮ ಲಾಂಡ್ರಿ ಇಂಟರ್ನೆಟ್ಟು, ಏಳಕ್ಕೆ ಬಾಗಿಲು ಹಾಕ್ತಾರೆ, ನಿಮ್ದು ಇನ್ನೂ ಅರ್ಧ ಇದೆ, ಏನ್ ಮಾಡ್ಲಿ ಎಂದು. ನಾವು ಉತ್ತರ ಬರೆಯುವ ಮೊದಲೇ ಆಕೆ, ತಡೀರಿ, ಅಂಗಡಿ ಯಜಮಾನ್ರನ್ನ ಕೇಳ್ತೀನಿ ಎಂದು ಸೇರಿಸಿದರು. ಏಳು ಗಂಟೆಯಾದರೂ ಫೋಟೋಗಳು ನಿಲ್ಲಲಿಲ್ಲ. ಕೊನೆಯದು, ಎಂದರೆ ಲೋಲಕ ನೇತುಹಾಕುವ ಕೊಕ್ಕೆಯ ಫೋಟೋ, 8.20ಕ್ಕೆ ಬಂದಿತು. ಅಲ್ಲಿಯವರೆಗೆ ಲಾಂಡ್ರಿಯ ಯಜಮಾನರು ಶಟರ್ ಅರ್ಧ ಎಳೆದುಕೊಂಡು ಕಾದಿದ್ದರೆಂದೂ, ಆ ಹೊತ್ತಿನಲ್ಲಿ ಆಕೆ ನಾಳೆಯ ಇಸ್ತ್ರಿಯನ್ನೂ ಮುಗಿಸಿದರೆಂದೂ ಆಮೇಲೆ ತಿಳಿಯಿತು.

ಇಂದು ಬೆಳಿಗ್ಗೆ 9.30ಕ್ಕೆ ಆಕೆ ತಾವಾಗಿಯೇ ಲ್ಯಾಪ್‌ಟಾಪನ್ನು ಒಗೆದ ಬಟ್ಟೆಯೊಂದರಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ಒಳಗೆ ಬನ್ನಿ ಎಂದರೂ ಬಾಗಿಲಲ್ಲೇ ನಿಂತು, ಪೊಲೀಸ್‌ನೋರಿಗೆ ನನ್ನ ಹೆಸರು ಹೇಳ್ತೀರಾ ಅಕ್ಕಾ, ಆಸ್ಪತ್ರೆ ಕೆಲಸ ಸಿಗಲ್ವೇನೋ ಎಂದು ಕೇಳಿದರು. ಹೇಳಲೇಬೇಕು ಕಣಮ್ಮ, ಆದ್ರೆ ನಾನೂ ಜೊತೆಗೆ ಬರ್ತೀನಿ ಎಂದೆ. ಕೂರಿಸಿ ಕಾಫಿ ಕೊಟ್ಟೆ. ಕಸ ಎಂದು ಹೇಳಿ ಮಾರಿದ್ದನ್ನು ಏಕೆ ಅಳಿಸಲಿಲ್ಲ ಎಂದು ಕೇಳಿದೆ. ಆಕೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಸುತ್ತಿದ್ದೇನೆ: ಎಲ್ಲಾ ಫೋಟೋದಲ್ಲೂ ಒಂದೇ ಕೈ ಇತ್ತಕ್ಕಾ. ಉಗುರೆಲ್ಲ ಕಪ್ಪು. ಇಷ್ಟು ಸಲ ಹಿಡ್ಕೊಂಡು ತೋರ್ಸಿದಾರೆ ಅಂದ್ರೆ ಯಾರಿಗೋ ಇದು ಬೇಕು ಅನ್ನಿಸ್ತು.

ನಾನು ನನ್ನ ಎಡಗೈಯನ್ನೇ ತಿರುಗಿಸಿ ನೋಡಿಕೊಂಡೆ. ಯಜಮಾನರು ನನ್ನ ಮುಖ ನೋಡಿ, ಕಂಪ್ಯೂಟರ್ ಕಡೆ ತಿರುಗಿ ಏನೋ ಕೆಲಸವಿದ್ದವರಂತೆ ಕುಳಿತರು. ನಿಜವಾಗಿಯೂ ಕೆಲಸವಿತ್ತು. ಲ್ಯಾಪ್‌ಟಾಪ್ ಠಾಣೆಗೆ ಬಂದರೆ ಅರ್ಜಿ ಅದರಲ್ಲೇ ಉಳಿಯುತ್ತದೆಂದು ಆಕೆ ಚಿಂತೆಯಲ್ಲಿದ್ದರು. ಅದು ನಿನ್ನೆ ಮಧ್ಯಾಹ್ನದಿಂದಲೇ ನಮ್ಮ ಮನೆಯಲ್ಲೂ ಇದೆಯಲ್ಲಮ್ಮ ಎಂದು ಯಜಮಾನರು ಹೇಳಿ, ಆಕೆಯ ಎದುರಿಗೇ, ಆಕೆ ಒಪ್ಪಿದ ಮೇಲೆ, ಅದನ್ನು ಆಸ್ಪತ್ರೆಗೆ ಕಳಿಸಿದ್ದಾರೆ. ಕಳಿಸುವ ಮುನ್ನ ಈ ಮೂರು ಕಂಪ್ಯೂಟರ್ ಏರ್ಪಾಡನ್ನು ಆಕೆಗೆ ಪೂರ್ತಿ ವಿವರಿಸಿದರು. ಆಕೆ ಕೊನೆಯವರೆಗೂ ಕೇಳಿದರು, ನಡುವೆ ಎರಡು ಪ್ರಶ್ನೆಯನ್ನೂ ಕೇಳಿದರು. ನಮ್ಮ ಮನೆಯಲ್ಲಿ ಹೀಗಾದದ್ದು ಇದೇ ಮೊದಲು.

ಅಲ್ಲಿಂದ ಮೂವರೂ ನಡೆದು ಠಾಣೆಗೆ ಬಂದೆವು. ಆಕೆ ಈಗ ಹೊರಗಿನ ಬೆಂಚಿನ ಮೇಲೆ ನನ್ನ ಯಜಮಾನರ ಪಕ್ಕದಲ್ಲಿ ಕುಳಿತಿದ್ದಾರೆ. ಆಕೆಯ ಮೇಲೆ ನನ್ನ ದೂರು ಯಾವುದೂ ಇಲ್ಲ. ಸಂತೆಯಲ್ಲಿ ಮಾರಿದವನ ಗುರುತನ್ನು ಆಕೆ ಹೇಳುತ್ತಾರೆ, ಅವನನ್ನು ಹುಡುಕುವುದು ತಮಗೆ ಬಿಟ್ಟದ್ದು. ನನಗೆ ಗಡಿಯಾರ ಜೋಡಿಸುವ ಕೆಲಸವಿದೆ. ಈ ತಿಂಗಳ ಕೊನೆಯೊಳಗೆ ಅದು ಓಡುತ್ತದೆ.

ತೋರಿಸಿದ ಲ್ಯಾಪ್‌ಟಾಪನ್ನು ಗುರುತಿಸಿದ್ದೇನೆ. ಅದರಲ್ಲಿದ್ದ ನನ್ನದೆಲ್ಲ ನನ್ನ ಮನೆ ಸೇರಿದೆ. ಕಾಗದದಲ್ಲಿ ವಾರಸುದಾರರು ಯಾರೆಂದು ಬರೆಯಲಿ ಎಂದು ಪೇದೆಯವರು ನನ್ನನ್ನು ಕೇಳಿದರು. ಯಾರದೆಂದು ಗೊತ್ತಿಲ್ಲದಿದ್ದರೂ ನನ್ನ ಕೆಲಸವನ್ನು ‘ಯಾರದೋ’ ಎಂದು ಹೆಸರು ಬರೆದು ಎತ್ತಿಟ್ಟವರು ಆಕೆ. ಆದ್ದರಿಂದ ಕಾನೂನಿನ ಕೆಲಸ ಮುಗಿದ ಮೇಲೆ ಇದನ್ನು ಆಕೆಗೇ ಕೊಡಬೇಕು. ವಾರಸುದಾರರ ಜಾಗದಲ್ಲಿ ಆಕೆಯ ಹೆಸರನ್ನೇ ಬರೆಯಿರಿ ಎಂದು ಹೇಳಿದ್ದೇನೆ.

ಇಷ್ಟನ್ನೂ ಯಾರ ಒತ್ತಾಯವೂ ಇಲ್ಲದೆ ನಾನೇ ಹೇಳಿದ್ದೇನೆ. ಬರೆದುಕೊಂಡದ್ದನ್ನು ಓದಿಸಿ ಕೇಳಿದ್ದೇನೆ, ನಡೆದದ್ದು ನಡೆದ ಹಾಗೆಯೇ ಇದೆ.

ಸ್ಥಳ: ಪೊಲೀಸ್ ಠಾಣೆ
ದಿನ: ಗುರುವಾರ, ಮಧ್ಯಾಹ್ನ 12.40
(ಸಹಿ) ಗಡಿಯಾರದಮ್ಮ