ತಿರುಗುಮುರುಗಾದ ಬೋರ್ಡು

ಎಂಬತ್ತಾರನೇ ಇಸವಿ. ಹುತ್ತೂರಲ್ಲಿ ಕೊನೇ ಬಸ್ಸು ಇಳಿದು ನಮ್ಮ ದೊಡ್ಡಪ್ಪನ ಮಗ ಕದಿರೇಶ ಊರ ಕಡೆ ನಡೆಯುತ್ತಿದ್ದ. ಆಲದಮರ ದಾಟಿದರೆ ಅವನದೇ ಬಾವಿ, ಪಂಪಿನ ಕೋಣೆ, ಅರ್ಧ ಎಕರೆ ಹಿಪ್ಪುನೇರಳೆ. ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟು, ರಿಪೇರಿಗೆ ಅಂತ ಬಿಚ್ಚಿಕೊಂಡು ಹೋಗಿ ನಾಲ್ಕು ದಿನವಾಗಿತ್ತು. ತಂತಿಯಲ್ಲಿ ಕರೆಂಟಿಲ್ಲ, ಇವತ್ತು ಸ್ಟಾರ್ಟರಿಗೆ ಧೈರ್ಯವಾಗಿ ಕೈ ಹಾಕಬಹುದು ಅಂದುಕೊಂಡಿದ್ದ. ಚೀಲದಲ್ಲಿ ಮೋಟರಿಗೆ ಅಂತ ತಾನೇ ಮಾಡಿದ ಹೊಸ ಬೋರ್ಡಿತ್ತು.

ಅವನ ಹೆಂಡತಿ ಆವಲಮ್ಮ ಸತ್ತು ಇಪ್ಪತ್ತು ದಿನ.

ಹೇಗೆ ಸತ್ತಳು ಅಂತ ಹೇಳಿಬಿಡುತ್ತೇನೆ. ಹಗಲು ಫ್ಯಾಕ್ಟರಿಗಳಿಗೆ ಕರೆಂಟು, ರಾತ್ರಿ ನಮಗೆ. ಅದೂ ಯಾವ ಹೊತ್ತಿಗೋ. ಬಂತಾ ಅಂತ ನೋಡೋಕೆ ಕತ್ತಲಲ್ಲಿ, ಒದ್ದೆ ನೆಲದಲ್ಲಿ ಬಾವಿಗೆ ಹೋಗಬೇಕು. ಕದಿರೇಶ ಕೋಲಾರದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ. ಕರೆಂಟು ಬಂದ ಕೂಡಲೇ ಮೋಟರು ತಾನೇ ಓಡುವಂಥ ಬೋರ್ಡೊಂದನ್ನ ಮಾಡೋಕೆ ಹೊರಟ. ತಾಮ್ರ ಹೊದಿಸಿದ ಹಲಗೆ ಮೇಲೆ ಹೆಂಡತಿಯ ಉಗುರುಬಣ್ಣದಲ್ಲಿ ಗೆರೆ ಎಳೆದ. ಬಣ್ಣದಡಿಯ ತಾಮ್ರ ತಂತಿಯ ಹಾಗೆ ಉಳಿದು ಮಿಕ್ಕದ್ದು ಕರಗಲಿ ಅಂತ ಮದ್ದಿನ ನೀರಲ್ಲಿ ಅದ್ದಿಟ್ಟ. ಒಂಬತ್ತು ದಿನದ ಕೆಲಸ.

ಆದರೆ ಪುಸ್ತಕದ ನಕ್ಷೆಯನ್ನ ಇದ್ದ ಹಾಗೇ ಎಳೆದುಬಿಟ್ಟಿದ್ದ. ಬಿಡಿಭಾಗ ಕೂರೋದು ಹಲಗೆಯ ಆ ಬದಿ, ಗೆರೆ ಈ ಬದಿ. ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿಸಿ ಎಳೆಯಬೇಕು. ಟ್ರಾನ್ಸಿಸ್ಟರಿನ ಒಂದು ಕಾಲೂ ಸರಿಯಾದ ತೂತಿಗೆ ಬರಲಿಲ್ಲ. ಕಾಲೇಜು ಕಾಣದ ನಮ್ಮಂಥವರಿಗೆ ಇದನ್ನೆಲ್ಲ ಯಾವ ಮೇಷ್ಟ್ರು ಹೇಳಿಕೊಟ್ಟಿದ್ದರು?

"ನನ್ನ ಬಣ್ಣದ ಸೀಸೆ ಖಾಲಿ ಮಾಡಿದ್ರಿ. ನಿಮ್ಮ ಮೋಟರು ಮಾತ್ರ ಎದ್ದೇಳ್ಲಿಲ್ಲ," ಅಂತ ಆವಲಮ್ಮ ನಕ್ಕಳಂತೆ.

"ನಾಳೆ ಇನ್ನೊಂದು ಮಾಡ್ತೀನಿ ಸುಮ್ನಿರೇ."

ಅವತ್ತು ರಾತ್ರಿಯೇ ಅವಳು ಕರೆಂಟು ನೋಡೋಕೆ ಹೋದಳು. ಸ್ಟಾರ್ಟರಿನ ಡಬ್ಬಕ್ಕೆ ಕೈ ಅಂಟಿಕೊಂಡಿತು. ಬೆಳಗ್ಗೆ ಬಂದ ಕರೆಂಟಾಫೀಸಿನ ಸಾಹೇಬನೊಬ್ಬ, "ಚಪ್ಪಲಿ ಹಾಕ್ಕೊಂಡು ಹೋಗ್ಬೇಕಿತ್ತು," ಅಂದು ಜೀಪು ಹತ್ತಿದ. ಅವನ ಕೊರಳಪಟ್ಟಿ ಹಿಡಿಯಲಿಲ್ಲವಲ್ಲ ಅಂತ ನನಗೆ ಇವತ್ತಿಗೂ ಉರಿಯುತ್ತೆ.

ಬಸ್ಸಿಳಿದು ಬಂದ ಆ ರಾತ್ರಿ ಕದಿರೇಶ ಪಂಪಿನ ಕೋಣೆಯ ಚಿಲಕಕ್ಕೆ ಕೈ ಇಟ್ಟ. ಒಳಗೆ... ಟಕ್. ಆಮೇಲೆ ಧಡಕ್. ಆಮೇಲೆ ಗುಂಯ್... ಅಂತ ಮೋಟರು. ಪೈಪಿನಿಂದ ತೊಟ್ಟಿಗೆ ದಬದಬ ನೀರು.

"ಯಾರದು?"

"ನಾನು ಕಣ್ರೀ... ಒಳಗೆ ಬರಬೇಡಿ."

"ಆವಲಾ..." ಚೀಲ ಎತ್ತಿ ಹಿಡಿದ, ಮುಚ್ಚಿದ ಬಾಗಿಲಿಗೆ. "ಈ ಸಲ ಸರಿಯಾಗಿ ಮಾಡಿದೀನಿ ಕಣೇ. ತಿರುಗಿಸಿ ಎಳ್ದಿದೀನಿ. ಮೂರು ಸಲ ಮೀಟರ್ ಇಟ್ಟು ನೋಡ್ದೆ."

"ಈಗ್ಯಾಕ್ರೀ?"

ಅವನು ಬಾಗಿಲಿಗೆ ಹಣೆ ಒತ್ತಿ ನಿಂತ.

"ಹೋಗಿ ಮಲಗಿ," ಅಂದಳಂತೆ, ಪಿಸುಮಾತಲ್ಲಿ. "ಸಾಲಿಗೆ ನೀರು ನಾನು ಕಟ್ತೀನಿ."

ಬೆಳಗಾಗುವ ಮೊದಲೇ ಬಂದು ನನ್ನನ್ನ ಎಬ್ಬಿಸಿ ಎಳೆದುಕೊಂಡು ಹೋದ. ಟ್ರಾನ್ಸ್‌ಫಾರ್ಮರ್ ಇರಬೇಕಾದ ಕಂಬದ ಮೇಲೆ ಬರೀ ಕಬ್ಬಿಣದ ಚೌಕಟ್ಟು. ಕೆಳಗೆ ಹಿಪ್ಪುನೇರಳೆ ಪೂರ್ತಿ ನೆಂದು ನಿಂತಿತ್ತು.

ನಗೋರು ನಗಲಿ. ಮೋಟರು ಹೇಗೋ ಓಡಿತು ಅಂತಲೇ ಇಟ್ಟುಕೊಳ್ಳಿ. ತುಂಬಿದ ಸಾಲಿನ ಬಾಯಿಗೆ ಮಣ್ಣು ಹಾಕದೆ ನೀರು ಮುಂದಿನ ಸಾಲಿಗೆ ತಾನೇ ತಿರುಗುತ್ತಾ? ಕೊನೇ ಸಾಲಿನ ತನಕ ನಾನೇ ನಡೆದು ನೋಡಿದೀನಿ. ಪ್ರತಿ ಸಾಲಿನ ಬಾಯಿಗೂ ಮಣ್ಣು ಹಾಕಿತ್ತು. ಗುದ್ದಲಿಯ ಗುರುತಿಲ್ಲ, ಅಂಗೈಯಲ್ಲಿ ತಟ್ಟಿದ ಗುರುತು. ಅದರ ಮೇಲೆ ನನ್ನ ಕೈ ಇಟ್ಟೆ.

ನನ್ನ ಕೈಗಿಂತ ಚಿಕ್ಕದು.